ಏಳು ಗಂಟೆಗೆ ಏಳು: ಟ್ಯಾಗರ್ ಎಡವಿದ್ದು ಎಲ್ಲಿ?

ಪ್ರಶ್ನೆ: ನನ್ನ ಹತ್ತಿರ ಮುನ್ನೂರು ಕನ್ನಡ ಲೇಖನಗಳ ಪಠ್ಯ ಫೈಲ್‌ಗಳಿವೆ. ಅವುಗಳಲ್ಲಿ ಗುಣವಾಚಕಗಳ ಬಳಕೆ ಹೇಗಿದೆ ಅಂತ ನೋಡಬೇಕು. ಅದಕ್ಕಾಗಿ ಟಿಎನ್‌ಟಿ ಅನ್ನುವ ಪ್ರೋಗ್ರಾಂ ಮೇಲೆ ಕಟ್ಟಿದ, ಕಮಾಂಡ್ ಲೈನ್‌ನಲ್ಲಿ ಓಡುವ ಒಂದು ಪದವರ್ಗ ಟ್ಯಾಗರ್ (ಪ್ರತಿ ಪದಕ್ಕೂ ನಾಮಪದ, ಕ್ರಿಯಾಪದ ಅಂತ ಗುರುತು ಹಚ್ಚುವ ಟೂಲ್) ಇಳಿಸಿಕೊಂಡೆ. ಚುಕ್ಕಿ, ಕಾಮಾ, ಉದ್ಧರಣ ಚಿಹ್ನೆ ಎಲ್ಲ ತೆಗೆದು, ಸಾಲಿಗೊಂದು ಪದ ಮಾಡಿ ಕೊಟ್ಟೆ. ಆದರೆ 'ಏಳು ಗಂಟೆಗೆ ಏಳು' ಅನ್ನುವಲ್ಲಿ ಎರಡು 'ಏಳು' ಕೂಡ ಸಂಖ್ಯೆ ಅಂತ ಬಂದಿದೆ. 'ಸುಂದರವಾದ' ಒಂದು ಕಡೆ ಗುಣವಾಚಕ, ಇನ್ನೊಂದು ಕಡೆ ಕ್ರಿಯಾಪದ. ಟೂಲ್ ಸರಿ ಇಲ್ಲವೋ, ನಾನು ತಪ್ಪು ಮಾಡಿದೆನೋ? ಬೇರೆ ಟೂಲ್ ಹಿಡಿಯಲೇ?

ಉತ್ತರ: ಟೂಲ್ ಬದಲಿಸಬೇಡಿ. ಕನಿಷ್ಠ ಈಗಲೇ ಬೇಡ. ನೀವು ಕಳಿಸಿದ ಸಾಲುಗಳಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಇಲ್ಲದಿರುವ ಚುಕ್ಕಿಗಳು. ತೊಂದರೆ ಶುರುವಾಗಿದ್ದು ಅಲ್ಲಿ.

ನೀವು ಕಳಿಸಿದ್ದರಲ್ಲಿ ಮೊದಲ ನಾಲ್ಕು ಸಾಲು ಹೀಗಿವೆ:

ಏಳು — ಕ್ಯೂಸಿ
ಗಂಟೆಗೆ — ಎನ್‌ಎನ್
ಏಳು — ಕ್ಯೂಸಿ
ಮುಖ — ಎನ್‌ಎನ್

ಕ್ಯೂಸಿ ಅಂದರೆ ಸಂಖ್ಯಾವಾಚಕ, ಎನ್‌ಎನ್ ಅಂದರೆ ನಾಮಪದ. ಮೂಲ ಫೈಲ್‌ನಲ್ಲಿ ಇದ್ದದ್ದು ಎರಡು ವಾಕ್ಯ: 'ಏಳು ಗಂಟೆಗೆ ಏಳು. ಮುಖ ತೊಳೆದುಕೋ.' ಚುಕ್ಕಿ ತೆಗೆದ ಮೇಲೆ ಉಳಿದದ್ದು 'ಏಳು ಗಂಟೆಗೆ ಏಳು ಮುಖ ತೊಳೆದುಕೋ'. ಇದನ್ನು ಮೊದಲ ಸಲ ನೋಡುವವರ ಹಾಗೆ ಓದಿ ನೋಡಿ. ಏಳು ಗಂಟೆಗೆ ಏಳು ಮುಖ ತೊಳೆದುಕೊಳ್ಳಬೇಕು ಅಂತಲೇ ಕೇಳಿಸುತ್ತದೆ ಅಲ್ವಾ? ಮನುಷ್ಯನಿಗೆ ಒಂದೇ ಮುಖ ಅಂತ ನಮಗೆ ಗೊತ್ತು. ಟ್ಯಾಗರ್‌ಗೆ ಅದು ಗೊತ್ತಿಲ್ಲ. ಅದರ ಕೈಗೆ ಸಿಕ್ಕ ಪದಗಳನ್ನು ನೋಡಿದರೆ ಅದು ಕೊಟ್ಟ ಉತ್ತರ ಸರಿಯಾಗಿಯೇ ಇದೆ.

ಟಿಎನ್‌ಟಿ ಒಳಗೆ ಏನು ನಡೆಯುತ್ತದೆ ಅಂತ ಗೊತ್ತಾದರೆ ಇದು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಥಾರ್ಸ್ಟನ್ ಬ್ರಾಂಟ್ಸ್ 2000ದಲ್ಲಿ ಪ್ರಕಟಿಸಿದ ಟ್ಯಾಗರ್ ಇದು. ಪ್ರತಿ ಪದಕ್ಕೂ ಅದು ಎರಡು ಲೆಕ್ಕ ನೋಡುತ್ತದೆ. ತರಬೇತಿ ಪಠ್ಯದಲ್ಲಿ (ಟ್ಯಾಗರ್ ಕಲಿಯಲೆಂದು ಮೊದಲೇ ಟ್ಯಾಗ್ ಹಾಕಿ ಕೊಟ್ಟ ಪಠ್ಯದಲ್ಲಿ) ಈ ಪದ ಯಾವ ಯಾವ ಟ್ಯಾಗ್ ಜೊತೆ ಎಷ್ಟು ಸಲ ಬಂದಿತ್ತು ಅನ್ನುವುದು ಒಂದು. ಹಿಂದಿನ ಎರಡು ಟ್ಯಾಗ್ ಆದ ಮೇಲೆ ಈ ಟ್ಯಾಗ್ ಬರುವುದು ಎಷ್ಟು ರೂಢಿ ಅನ್ನುವುದು ಇನ್ನೊಂದು. ಈ ಎರಡನ್ನೂ ಗುಣಿಸಿ, ಇಡೀ ಸಾಲಿಗೆ ಒಟ್ಟಾರೆ ಹೆಚ್ಚು ಹೊಂದುವ ಟ್ಯಾಗ್ ಸರಣಿಯನ್ನು ಆರಿಸುತ್ತದೆ. ಅರ್ಥ ಅನ್ನುವುದು ಈ ಲೆಕ್ಕದಲ್ಲಿ ಎಲ್ಲೂ ಇಲ್ಲ.

ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತದೆ. ಹಾಗಾಗಿ ಕ್ರಿಯಾಪದವನ್ನು ಗುರುತಿಸಲು ಟ್ಯಾಗರ್‌ಗೆ ಇರುವ ದೊಡ್ಡ ಸುಳಿವು ಅದರ ಪಕ್ಕದ ಚುಕ್ಕಿ. 'ಏಳು' ಆದ ಮೇಲೆ ಚುಕ್ಕಿ ಬಂದರೆ ಅದು ಕ್ರಿಯಾಪದ ಆಗಿರುವ ಸಾಧ್ಯತೆ ಜಾಸ್ತಿ. ನಾಮಪದ ಬಂದರೆ ಸಂಖ್ಯೆ ಆಗಿರುವ ಸಾಧ್ಯತೆ ಜಾಸ್ತಿ. ನೀವು ಚುಕ್ಕಿ ತೆಗೆದಾಗ ಆ ಸುಳಿವನ್ನೂ ತೆಗೆದಿರಿ. ಪದಗಳನ್ನು ಸುಮ್ನೆ ಎಣಿಸುವ ಕೆಲಸಕ್ಕೆ ಚಿಹ್ನೆ ತೆಗೆಯುವುದು ವಾಡಿಕೆ. ಆ ಅಭ್ಯಾಸವೇ ಇಲ್ಲಿಗೂ ಬಂದಿದೆ ಅನಿಸುತ್ತದೆ. ಟ್ಯಾಗಿಂಗ್‌ಗೆ ಚಿಹ್ನೆಗಳು ಬೇಕೇ ಬೇಕು. ಅವೂ ಪದಗಳ ಹಾಗೆ ತಮ್ಮದೇ ಸಾಲಿನಲ್ಲಿ ನಿಲ್ಲಬೇಕು.

ಆದ್ದರಿಂದ ಮೂಲ ಫೈಲ್‌ಗಳಿಗೆ ವಾಪಸ್ ಹೋಗಿ. ಪದಕ್ಕೆ ಅಂಟಿದ ಚುಕ್ಕಿ, ಕಾಮಾ, ಪ್ರಶ್ನೆ ಚಿಹ್ನೆಗಳನ್ನು ಬಿಡಿಸಿ ಬೇರೆ ಸಾಲಿಗೆ ಹಾಕಿ. ಹಾಗೆ ಮಾಡುವಾಗ 'ಡಾ.', 'ಕ್ರಿ.ಶ.', '3.5' ಇಂಥವು ಒಡೆಯದ ಹಾಗೆ ನೋಡಿಕೊಳ್ಳಿ. ಇಲ್ಲದಿದ್ದರೆ 'ಡಾ' ಒಂದು ವಾಕ್ಯದ ಕೊನೆಯ ಪದವಾಗಿ ನಿಂತು, ಅದೂ ಕ್ರಿಯಾಪದ ಆಗಿಬಿಡಬಹುದು. ಇಂಥ ಸಂಕ್ಷೇಪಗಳ ಪಟ್ಟಿಯೊಂದನ್ನು ನೀವೇ ಮಾಡಿಟ್ಟುಕೊಳ್ಳಿ. ಲೇಖನಗಳಲ್ಲಿ ಬರುವಂಥವು ನಲವತ್ತೋ ಐವತ್ತೋ ಇರುತ್ತವೆ, ಅಷ್ಟೇ.

ಚುಕ್ಕಿ ಹಾಕಿದ ಮೇಲೂ 'ಏಳು' ಸಂಖ್ಯೆ ಅಂತಲೇ ಬರಬಹುದು. ಅದಕ್ಕೆ ಕಾರಣ ಬೇರೆ ಇದೆ, ಮತ್ತು ಅದನ್ನು ಕಣ್ಣಾರೆ ನೋಡಬಹುದು. ಟಿಎನ್‌ಟಿ ತರಬೇತಿಯಲ್ಲಿ ಕಲಿತದ್ದನ್ನು ಇಟ್ಟುಕೊಳ್ಳುವ ಮಾದರಿ (ಮಾಡೆಲ್) ಅಂದರೆ ಎರಡು ಫೈಲ್. ಒಂದರ ಹೆಸರು 123 ಅಂತ ಮುಗಿಯುತ್ತದೆ. ಅದರಲ್ಲಿ ಟ್ಯಾಗ್‌ಗಳ ಜೋಡಣೆಯ ಲೆಕ್ಕ ಇರುತ್ತದೆ. ಇನ್ನೊಂದರ ಹೆಸರು ಲೆಕ್ಸ್ ಅಂತ ಮುಗಿಯುತ್ತದೆ. ಅದರಲ್ಲಿ ಪ್ರತಿ ಪದ, ಅದು ಎಷ್ಟು ಸಲ ಬಂತು, ಯಾವ ಟ್ಯಾಗ್ ಜೊತೆ ಎಷ್ಟು ಸಲ ಬಂತು ಅನ್ನುವುದಿದೆ. ಎರಡೂ ಸಾದಾ ಪಠ್ಯ ಫೈಲ್‌ಗಳೇ. ಲೆಕ್ಸ್ ಫೈಲ್ ತೆರೆದು 'ಏಳು' ಹುಡುಕಿ. ಅಲ್ಲಿ ಕ್ಯೂಸಿ ಒಂದೇ ಇದ್ದರೆ, ಟ್ಯಾಗರ್ ತನ್ನ ಜೀವಮಾನದಲ್ಲಿ 'ಏಳು' ಅನ್ನುವ ಕ್ರಿಯಾಪದವನ್ನು ನೋಡೇ ಇಲ್ಲ ಅಂತ ಅರ್ಥ. ಗೊತ್ತಿರುವ ಪದಕ್ಕೆ ಅದು ತಾನು ನೋಡಿದ ಟ್ಯಾಗ್‌ಗಳಲ್ಲಿ ಒಂದನ್ನೇ ಕೊಡುತ್ತದೆ, ಹೊಸದನ್ನು ಊಹಿಸುವುದಿಲ್ಲ. ಆಗ ನೀವು ಎಷ್ಟು ಚುಕ್ಕಿ ಹಾಕಿದರೂ ಪ್ರಯೋಜನ ಇಲ್ಲ. ಹುಡುಕುವಾಗ ಒಂದು ವಿಷಯ ಗಮನಿಸಿ: ಭಾರತೀಯ ಭಾಷೆಗಳ ಹಲವು ಟೂಲ್‌ಗಳು ಒಳಗಡೆ ಡಬ್ಲ್ಯೂಎಕ್ಸ್ ಅನ್ನುವ ರೋಮನ್ ಲಿಪ್ಯಂತರ ಬಳಸುತ್ತವೆ. ನಿಮ್ಮದೂ ಹಾಗಿದ್ದರೆ ಕನ್ನಡ ಅಕ್ಷರದಲ್ಲಿ ಹುಡುಕಿದರೆ ಏನೂ ಸಿಗುವುದಿಲ್ಲ. ಪದವನ್ನು ಮೊದಲು ಆ ರೂಪಕ್ಕೆ ಬದಲಿಸಿಕೊಳ್ಳಬೇಕು.

ಗೊತ್ತಿಲ್ಲದ ಪದ ಬಂದಾಗ ಮಾತ್ರ ಟಿಎನ್‌ಟಿ ಊಹೆಗೆ ಇಳಿಯುತ್ತದೆ. ಅದರ ದಾರಿ ಪದದ ಬಾಲ ನೋಡುವುದು. ತರಬೇತಿಯಲ್ಲಿ ಹತ್ತು ಸಲಕ್ಕಿಂತ ಹೆಚ್ಚು ಬರದ ಪದಗಳ ಕೊನೆಯ ಹತ್ತು ಅಕ್ಷರಗಳವರೆಗೂ ಅದು ಲೆಕ್ಕ ಇಟ್ಟುಕೊಂಡಿರುತ್ತದೆ. ಕನ್ನಡಕ್ಕೆ ಈ ದಾರಿ ಹೇಳಿ ಮಾಡಿಸಿದ ಹಾಗಿದೆ, ಯಾಕೆಂದರೆ ನಮ್ಮಲ್ಲಿ ವ್ಯಾಕರಣವೆಲ್ಲ ಬಾಲದಲ್ಲೇ ಇದೆ. '-ಗಳನ್ನು' ಅಂತ ಮುಗಿದರೆ ನಾಮಪದ, '-ತ್ತಾರೆ' ಅಂತ ಮುಗಿದರೆ ಕ್ರಿಯಾಪದ. ಆದರೂ ಎಡವುವ ಜಾಗಗಳಿವೆ. 'ಅವರು ಬಂದರು', 'ಹಡಗು ನಿಲ್ಲುವ ಬಂದರು': ಎರಡರ ಬಾಲವೂ ಒಂದೇ. ಇನ್ನೊಂದು ಮಾತು. ಕನ್ನಡದ ಒಂದೊಂದು ಚಿಹ್ನೆಯೂ ಯುಟಿಎಫ್-8ರಲ್ಲಿ (ಕಂಪ್ಯೂಟರ್ ಅಕ್ಷರಗಳನ್ನು ಉಳಿಸುವ ಒಂದು ಕ್ರಮ) ಮೂರು ಬೈಟ್ ಹಿಡಿಯುತ್ತದೆ. ಬೈಟ್ ಲೆಕ್ಕದಲ್ಲಿ ಓಡುವ ಹಳೆಯ ಟೂಲ್‌ಗೆ ಕನ್ನಡ ಲಿಪಿಯನ್ನೇ ನೇರವಾಗಿ ಕೊಟ್ಟರೆ, 'ಹತ್ತು ಅಕ್ಷರದ ಬಾಲ' ಅನ್ನುವುದು ಮೂರೇ ಚಿಹ್ನೆಗೆ ಇಳಿಯುತ್ತದೆ. ಡಬ್ಲ್ಯೂಎಕ್ಸ್‌ನಲ್ಲಿ ಒಂದು ಧ್ವನಿಗೆ ಹೆಚ್ಚುಕಡಿಮೆ ಒಂದೇ ಬೈಟ್. ಹಾಗಾಗಿ ಆ ಲಿಪ್ಯಂತರದ ಹಂತವನ್ನು ಕಿರಿಕಿರಿ ಅಂತ ಬಿಟ್ಟುಬಿಡಬೇಡಿ.

ಇನ್ನು ಪಠ್ಯದ ವಿಷಯ. ಇದಕ್ಕೆ ನಾನು ಸ್ವಲ್ಪ ಜಾಸ್ತಿ ಜಾಗ ಕೊಡುತ್ತೇನೆ, ಯಾಕೆಂದರೆ ಇಲ್ಲಿ ನಾನೇ ಒಂದು ವಾರ ಕಳೆದುಕೊಂಡಿದ್ದೇನೆ. ಒಂದು ಸಲ ನನ್ನ ಫೈಲ್‌ಗಳಲ್ಲಿ 'ಬಂದ', 'ಎಂದು', 'ಒಂದು' ಇಂಥ ದಿನಬಳಕೆಯ ಪದಗಳೇ ಟ್ಯಾಗರ್‌ಗೆ ಗೊತ್ತಿಲ್ಲದ ಪದಗಳ ಪಟ್ಟಿಯಲ್ಲಿ ಬರತೊಡಗಿದವು. ಎಷ್ಟು ನೋಡಿದರೂ ಕಾಗುಣಿತ ಸರಿಯೇ ಇತ್ತು. ಕೊನೆಗೆ ಒಂದೊಂದು ಚಿಹ್ನೆಯ ಯುನಿಕೋಡ್ ಸಂಖ್ಯೆ ತೆಗೆದು ನೋಡಿದೆ. ಟೈಪ್ ಮಾಡಿದವರು ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಅಂಕಿ ಹಾಕಿದ್ದರು. 'ಬಂದ' ಮತ್ತು 'ಬ೦ದ'. ಇಲ್ಲಿ ಎರಡನ್ನೂ ಹಾಗೇ ಬರೆದಿದ್ದೇನೆ, ವ್ಯತ್ಯಾಸ ಕಾಣುತ್ತದೆಯೇ ನೋಡಿ. ಕಣ್ಣಿಗೆ ಒಂದೇ, ಕಂಪ್ಯೂಟರ್‌ಗೆ ಬೇರೆ ಬೇರೆ. ನಿಮ್ಮ ಮುನ್ನೂರು ಫೈಲ್‌ಗಳು ಬೇರೆ ಬೇರೆ ಕೈಗಳಲ್ಲಿ ಟೈಪ್ ಆಗಿದ್ದರೆ ಇದು ಇದ್ದೇ ಇರುತ್ತದೆ. ಸರಿಪಡಿಸುವಾಗ ಎಲ್ಲ ಸೊನ್ನೆಯನ್ನೂ ಬದಲಿಸಬೇಡಿ, '೧೦' ಕೂಡ ಹಾಳಾಗುತ್ತದೆ. ಅಕ್ಷರದ ಅಥವಾ ಸ್ವರಚಿಹ್ನೆಯ ಹಿಂದೆಯೇ ಅಂಟಿಕೊಂಡು ಬಂದ ಸೊನ್ನೆಯನ್ನು ಮಾತ್ರ ಅನುಸ್ವಾರ ಮಾಡಿ.

ಇದೇ ಜಾತಿಯ ಇನ್ನೊಂದು ತೊಡಕು ಸ್ವರಚಿಹ್ನೆಗಳದ್ದು. 'ಕೊ' ಅನ್ನುವುದನ್ನು ಯುನಿಕೋಡ್‌ನಲ್ಲಿ ಒಂದೇ ಸ್ವರಚಿಹ್ನೆಯಾಗಿಯೂ ಬರೆಯಬಹುದು, ಎತ್ವ ಮತ್ತು ಊಕಾರದ ಚಿಹ್ನೆ ಎರಡನ್ನು ಸೇರಿಸಿಯೂ ಬರೆಯಬಹುದು. 'ಕೀ', 'ಕೇ', 'ಕೋ', 'ಕೈ' ಎಲ್ಲಕ್ಕೂ ಹೀಗೆ ಎರಡು ದಾರಿ ಇದೆ. ಎನ್ಎಫ್‌ಸಿ ಅನ್ನುವ ಸಾಮಾನ್ಯೀಕರಣ ಇವನ್ನೆಲ್ಲ ಒಂದೇ ರೂಪಕ್ಕೆ ತರುತ್ತದೆ. ಪೈಥಾನ್‌ನಲ್ಲಿ ಅದಕ್ಕೆ ಒಂದೇ ಸಾಲು ಸಾಕು. ಕಣ್ಣಿಗೆ ಕಾಣದ ಜೋಡಕ ಚಿಹ್ನೆಗಳೂ ಇವೆ. 'ಸಾಫ್ಟ್‌ವೇರ್' ಅಂತ ಬರೆಯುವಾಗ ಒತ್ತಕ್ಷರ ಆಗದಂತೆ ತಡೆಯಲು ಹಾಕುವುದು ಅದನ್ನೇ. ಕೆಲವರು ಹಾಕುತ್ತಾರೆ, ಕೆಲವರು ಹಾಕುವುದಿಲ್ಲ. ಟ್ಯಾಗರ್‌ಗೆ ಕೊಡುವ ಪ್ರತಿಯಲ್ಲಿ ಅವನ್ನು ತೆಗೆದುಬಿಡಬಹುದು. ಮೂಲ ಪ್ರತಿಯನ್ನು ಮುಟ್ಟಬೇಡಿ. ಹಳೆಯ 'ನುಡಿ' ಅಥವಾ 'ಬರಹ' ತಂತ್ರಾಂಶದ ಫಾಂಟ್‌ನಲ್ಲಿ ಟೈಪ್ ಆದ ಫೈಲ್ ಇದ್ದರೆ, ಅದು ಪರದೆಯ ಮೇಲೆ ಕನ್ನಡ ಕಂಡರೂ ಒಳಗೆ ಕನ್ನಡವೇ ಅಲ್ಲ. ಮೊದಲು ಯುನಿಕೋಡ್‌ಗೆ ಪರಿವರ್ತಿಸಿ, ಆಮೇಲೆ ಉಳಿದದ್ದು.

ಕಮಾಂಡ್‌ಗಳ ಬಗ್ಗೆ ಎರಡು ಎಚ್ಚರಿಕೆ. ಹೆಸರುಗಳನ್ನು ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಕೊಡಬೇಕು. ಮೊದಲನೆಯದು, ಕನ್ನಡ ಅಕ್ಷರ ಬದಲಿಸಲು 'ಟಿಆರ್' ಬಳಸಬೇಡಿ. ಲಿನಕ್ಸ್‌ನ ಗ್ನೂ ಟಿಆರ್ ಬೈಟ್ ಬೈಟ್ ಆಗಿ ಕೆಲಸ ಮಾಡುತ್ತದೆ. ಮೂರು ಬೈಟ್‌ನ ಕನ್ನಡ ಚಿಹ್ನೆಯನ್ನು ತುಂಡು ಮಾಡಿಬಿಡುತ್ತದೆ. 'ಸೆಡ್' ಬಳಸಿ. ಎರಡನೆಯದು, ವಿಂಡೋಸ್‌ನಲ್ಲಿ ಉಳಿಸಿದ ಫೈಲ್‌ಗಳಲ್ಲಿ ಪ್ರತಿ ಸಾಲಿನ ಕೊನೆಗೆ ಒಂದು ಕಾಣದ ಚಿಹ್ನೆ ಹೆಚ್ಚಿಗೆ ಇರುತ್ತದೆ. ಕೆಲವು ಫೈಲ್‌ಗಳ ಶುರುವಿನಲ್ಲೂ ಬಿಒಎಮ್ ಅನ್ನುವ ಇನ್ನೊಂದು ಇರುತ್ತದೆ. ಅದು ಮೊದಲ ಪದಕ್ಕೆ ಅಂಟಿಕೊಂಡು ಆ ಪದವನ್ನು ಅಪರಿಚಿತ ಮಾಡುತ್ತದೆ. ಮುನ್ನೂರೂ ಫೈಲ್‌ಗಳಲ್ಲಿ ಅದು ಇದ್ದರೆ ಅಂಥ ಮುನ್ನೂರು ಪದ.

ಇಷ್ಟಾದ ಮೇಲೆ ಮತ್ತೆ ಓಡಿಸಿ. ಈ ಸಲ ಮುನ್ನೂರೂ ಫೈಲ್ ಬೇಡ. ಮೊದಲು ಅಳತೆ ಮಾಡೋಣ.

ಸಾಲಿಗೊಂದು ವಾಕ್ಯ ಇರುವ ಒಂದು ಫೈಲ್ ಮಾಡಿಕೊಳ್ಳಿ. ಸಾಲುಗಳನ್ನು ಕಲಸಿ ಕೊಡುವ 'ಶಫ್' ಕಮಾಂಡ್‌ಗೆ ಕೊಟ್ಟು ಅದರಿಂದ ನೂರು ವಾಕ್ಯ ಎತ್ತಿಕೊಳ್ಳಿ. ಮೊದಲ ನೂರನ್ನೇ ತೆಗೆದುಕೊಂಡರೆ ಒಂದೇ ಲೇಖನದ, ಒಂದೇ ಕೈಯ ಬರಹ ಸಿಗುತ್ತದೆ. ಆ ನೂರು ವಾಕ್ಯಗಳಿಗೆ ನೀವೇ ಕೈಯಾರೆ ಟ್ಯಾಗ್ ಹಾಕಿ. ಟ್ಯಾಗರ್‌ನ ಉತ್ತರವನ್ನು ನೋಡದೆ ಹಾಕಿ, ಇದನ್ನು ಒತ್ತಿ ಹೇಳುತ್ತೇನೆ. ಅದರ ಉತ್ತರ ಎದುರಿಗೆ ಇಟ್ಟುಕೊಂಡು ತಿದ್ದಲು ಕೂತರೆ ಕಣ್ಣು ಹೌದು ಹೌದು ಅನ್ನುತ್ತಲೇ ಹೋಗುತ್ತದೆ. ಅನುಮಾನದ ಜಾಗದಲ್ಲೆಲ್ಲ ನಾವು ಯಂತ್ರದ ಕಡೆಗೇ ವಾಲುತ್ತೇವೆ. ಖಾಲಿ ಕಾಲಂ ಇಟ್ಟುಕೊಂಡು ಹಾಕಿದರೆ ಎರಡು ಮೂರು ಸಂಜೆಯ ಕೆಲಸ. ಆದರೆ ನಿಮ್ಮ ಮುಂದಿನ ಪ್ರತಿ ಅಂಕಿಯೂ ಇದರ ಮೇಲೆ ನಿಲ್ಲುತ್ತದೆ. ಹೋಲಿಸುವುದಕ್ಕೆ ಟಿಎನ್‌ಟಿ ಜೊತೆಗೇ 'ಟಿಎನ್‌ಟಿ-ಡಿಫ್' ಅನ್ನುವ ಕಮಾಂಡ್ ಬರುತ್ತದೆ. ಎರಡು ಫೈಲ್ ಕೊಟ್ಟರೆ ಎಷ್ಟು ಸರಿ ಅಂತ ಹೇಳುತ್ತದೆ. ಅದರ ಜೊತೆಗೆ 'ಪೇಸ್ಟ್' ಬಳಸಿ ಎರಡೂ ಫೈಲ್‌ಗಳನ್ನು ಪಕ್ಕಪಕ್ಕ ಇಟ್ಟು, ಎರಡು ಟ್ಯಾಗ್ ಕಾಲಂಗಳನ್ನು 'ಕಟ್' ಮಾಡಿ, 'ಸಾರ್ಟ್' ಮಾಡಿ, 'ಯೂನಿಕ್ -ಸಿ' ಕೊಟ್ಟು ಎಣಿಸಿ. ಯಾವುದನ್ನು ಯಾವುದು ಅಂತ ಎಷ್ಟು ಸಲ ತಪ್ಪು ತಿಳಿದಿದೆ ಅನ್ನುವ ಪಟ್ಟಿ ಸಿಗುತ್ತದೆ. ಒಟ್ಟು ಶೇಕಡಾವಾರಿಗಿಂತ ಈ ಪಟ್ಟಿ ನನಗೆ ಹೆಚ್ಚು ಮುಖ್ಯ. ಸಾರ್ಟ್ ಮಾಡುವ ಮೊದಲು 'ಎಲ್‌ಸಿ_ಆಲ್=ಸಿ' ಅಂತ ಕೊಡಿ, ಆಗ ಯಾವ ಕಂಪ್ಯೂಟರ್‌ನಲ್ಲಿ ಓಡಿಸಿದರೂ ಅದೇ ಕ್ರಮ ಬರುತ್ತದೆ.

ಶೇಕಡಾವಾರನ್ನು ಓದುವಾಗ ಎಚ್ಚರ ಬೇಕು. ನೂರಕ್ಕೆ ತೊಂಬತ್ತು ಪದ ಸರಿ ಅಂದರೆ ಕೇಳಲು ಚೆನ್ನಾಗಿದೆ. ಹತ್ತು ಪದದ ವಾಕ್ಯ ತೆಗೆದುಕೊಳ್ಳಿ. ತಪ್ಪುಗಳು ಎಲ್ಲ ಕಡೆ ಸಮನಾಗಿ ಹರಡಿವೆ ಅಂದುಕೊಂಡರೂ, ಹತ್ತೂ ಪದ ಸರಿ ಇರುವ ವಾಕ್ಯಗಳು ನೂರಕ್ಕೆ ಸುಮಾರು 35 ಮಾತ್ರ. ನೂರಕ್ಕೆ 97 ಪದ ಸರಿ ಇದ್ದರೆ ಅಂಥ ವಾಕ್ಯಗಳು ಸುಮಾರು 74. ಬ್ರಾಂಟ್ಸ್ ತಮ್ಮ ಟ್ಯಾಗರ್‌ಗೆ ಪೆನ್ ಟ್ರೀಬ್ಯಾಂಕ್ ಅನ್ನುವ, ಟ್ಯಾಗ್ ಹಾಕಿದ ಇಂಗ್ಲಿಷ್ ಪಠ್ಯಸಂಗ್ರಹದ ಮೇಲೆ ಕೊಟ್ಟ ಅಂಕಿ ಶೇ 96.7. ಅದು ತರಬೇತಿಗೆ ದೊಡ್ಡ ಪಠ್ಯ ಇದ್ದ ಭಾಷೆಯಲ್ಲಿ, ಅದೇ ಜಾತಿಯ ಪಠ್ಯದ ಮೇಲೆ ಬಂದ ಅಂಕಿ. ನಿಮ್ಮ ಲೇಖನಗಳಿಗೆ ಅದನ್ನು ಹಚ್ಚಬೇಡಿ. ನಿಮ್ಮ ಅಂಕಿ ನಿಮ್ಮ ನೂರು ವಾಕ್ಯಗಳಿಂದಲೇ ಬರಬೇಕು.

ಕೈಯಲ್ಲಿ ಟ್ಯಾಗ್ ಹಾಕುವುದು ಹಿನ್ನಡೆ ಅಂತ ಅನಿಸಬಾರದು. ಈ ಕ್ಷೇತ್ರ ಬೆಳೆದದ್ದೇ ಹಾಗೆ. ಬ್ರೌನ್ ಕಾರ್ಪಸ್ ಅನ್ನುವ ಇಂಗ್ಲಿಷ್ ಪಠ್ಯಸಂಗ್ರಹದಲ್ಲಿ 1961ರಲ್ಲಿ ಪ್ರಕಟವಾದ ಬರಹಗಳಿಂದ ತೆಗೆದ 500 ತುಣುಕುಗಳಿವೆ, ಒಟ್ಟು ಸುಮಾರು ಹತ್ತು ಲಕ್ಷ ಪದ. ಅದಕ್ಕೆ 1971ರಲ್ಲಿ ಗ್ರೀನ್ ಮತ್ತು ರೂಬಿನ್ ಬರೆದ ಟ್ಯಾಗಿಟ್ ಅನ್ನುವ ಪ್ರೋಗ್ರಾಂ ಸುಮಾರು ಶೇ 77ರಷ್ಟನ್ನು ಸರಿಯಾಗಿ ಗುರುತಿಸಿತು. ಉಳಿದದ್ದನ್ನು ಜನ ಕೂತು ತಿದ್ದಿದರು. ಆ ತಿದ್ದಿದ ಪಠ್ಯದ ಮೇಲೆಯೇ ಮುಂದಿನ ಟ್ಯಾಗರ್‌ಗಳು ಕಲಿತವು.

ಬೇರೆ ಟೂಲ್ ಹಿಡಿಯಲೇ ಅಂತ ಕೇಳಿದ್ದಿರಿ. ಕಮಾಂಡ್ ಲೈನ್‌ಗೆ ಒಳ್ಳೆಯ ಟೂಲ್‌ಗಳು ಇವೆ. ಪ್ರಾಗ್‌ನ ಚಾರ್ಲ್ಸ್ ವಿಶ್ವವಿದ್ಯಾಲಯದ ಯುಡಿಪೈಪ್ ನನಗೆ ಇಷ್ಟ. ವಾಕ್ಯ ಒಡೆಯುವುದು, ಪದ ಬಿಡಿಸುವುದು, ಟ್ಯಾಗ್ ಹಾಕುವುದು ಎಲ್ಲವನ್ನೂ ಒಂದೇ ಕಮಾಂಡ್‌ನಲ್ಲಿ ಮಾಡುತ್ತದೆ. ಹತ್ತು ಕಾಲಂನ ಅಚ್ಚುಕಟ್ಟಾದ ಫೈಲ್ ಕೊಡುತ್ತದೆ. ಆದರೆ ಅದಕ್ಕೆ ಆ ಭಾಷೆಯ ಮಾದರಿ ಬೇಕು. ಅದರ 2.5ನೇ ಆವೃತ್ತಿಯ ಮಾದರಿಗಳಲ್ಲಿ ತಮಿಳು, ತೆಲುಗು, ಮರಾಠಿ, ಹಿಂದಿ ಇವೆ, ಕನ್ನಡ ಇಲ್ಲ. ಸ್ಟುಟ್‌ಗಾರ್ಟ್‌ನ ಹೆಲ್ಮುಟ್ ಶ್ಮಿಡ್ 1994ರಲ್ಲಿ ಪ್ರಕಟಿಸಿದ ಟ್ರೀಟ್ಯಾಗರ್ ಕೂಡ ತುಂಬ ಬಳಕೆಯಲ್ಲಿದೆ. ಅದಕ್ಕೂ ತರಬೇತಿ ಪಠ್ಯ ಬೇಕು. ಅಂದರೆ ಎಲ್ಲಿಗೆ ಹೋದರೂ ಕೈಯಲ್ಲಿ ಟ್ಯಾಗ್ ಹಾಕಿದ ಕನ್ನಡ ಪಠ್ಯ ಬೇಕೇ ಬೇಕು. ಟೂಲ್ ಬದಲಿಸಿದರೆ ಆ ಕೊರತೆ ನೀಗುವುದಿಲ್ಲ. 2011ರಲ್ಲಿ ಶಿವ ರೆಡ್ಡಿ ಮತ್ತು ಸೆರ್ಜ್ ಶರೋಫ್ ಇದಕ್ಕೊಂದು ಜಾಣ ದಾರಿ ಕಂಡುಕೊಂಡರು. ತೆಲುಗಿನ ಸಂಪನ್ಮೂಲ ಬಳಸಿ ಟಿಎನ್‌ಟಿ ಮೇಲೆ ಕನ್ನಡ ಟ್ಯಾಗರ್ ಕಟ್ಟಿದರು. ಎರಡು ಭಾಷೆಗಳ ವಾಕ್ಯದ ಓಟ ಅಷ್ಟು ಹತ್ತಿರ ಇರುವುದರಿಂದಲೇ ಅದು ಆಗಿದ್ದು. ನಿಮ್ಮ ನೂರು ವಾಕ್ಯಗಳಲ್ಲಿ ಬಂದ ಅಂಕಿ ತೀರಾ ಕಡಿಮೆ ಇದ್ದರೆ, ಆಗ ಟೂಲ್ ಬದಲಿಸುವ ಮಾತು ಆಡೋಣ.

ಈಗ ಕನ್ನಡದ್ದೇ ಆದ ಒಂದು ತೊಡಕು. 'ಮನೆಯಲ್ಲಿದ್ದಾನೆ' ಅನ್ನುವುದು ಫೈಲ್‌ನಲ್ಲಿ ಒಂದು ಪದ, ವ್ಯಾಕರಣದಲ್ಲಿ ಎರಡು: 'ಮನೆಯಲ್ಲಿ', 'ಇದ್ದಾನೆ'. 'ಅದೇನೆಂದರೆ' ಅನ್ನುವುದು ಮೂರು. ಒಂದು ಸಾಲಿಗೆ ಒಂದೇ ಟ್ಯಾಗ್ ಅಂದಾಗ ಯಾವುದಕ್ಕೆ ಹಾಕಬೇಕು? ಯುಡಿಪೈಪ್ ಕೊಡುವ ಹತ್ತು ಕಾಲಂನ ಫೈಲ್‌ನಲ್ಲಿ ಇದಕ್ಕೆ ಜಾಗ ಇದೆ. '3-4' ಅಂತ ಒಂದು ಸಾಲಿನಲ್ಲಿ ಕೂಡಿದ ಪದ, ಅದರ ಕೆಳಗೆ 3 ಮತ್ತು 4ನೇ ಸಾಲಿನಲ್ಲಿ ಬಿಡಿಸಿದ ಪದಗಳು. ಟಿಎನ್‌ಟಿಯಲ್ಲಿ ಆ ಸೌಲಭ್ಯ ಇಲ್ಲ. ಕನ್ನಡದಲ್ಲಿ ಕೊನೆಯ ಭಾಗವೇ ವಾಕ್ಯದಲ್ಲಿ ಆ ಪದದ ಕೆಲಸವನ್ನು ತೀರ್ಮಾನಿಸುವುದರಿಂದ, 'ಮನೆಯಲ್ಲಿದ್ದಾನೆ' ಕ್ರಿಯಾಪದ ಅಂತ ಹಾಕುವುದು ಒಪ್ಪುವಂಥ ತೀರ್ಮಾನ. ನೀವು ಕೈಯಲ್ಲಿ ಹಾಕುವಾಗಲೂ ಅದನ್ನೇ ಪಾಲಿಸಿ. ಎಲ್ಲ ಸಂಧಿಗಳನ್ನೂ ಬಿಡಿಸುತ್ತೇನೆ ಅಂತ ಹೊರಡಬೇಡಿ. ಅದು ಬೇರೆಯೇ ದೊಡ್ಡ ಕೆಲಸ, ನಿಮ್ಮ ಪ್ರಶ್ನೆಗೆ ಅಷ್ಟು ಬೇಕಾಗಿಲ್ಲ. ಆದರೆ ನಿಮ್ಮ ಎಣಿಕೆಗೆ ಇದರಿಂದ ಏನು ತಪ್ಪಿಹೋಗುತ್ತದೆ ಅಂತ ಗೊತ್ತಿರಲಿ: 'ಮನೆ ದೊಡ್ಡದಾಗಿದೆ' ಅನ್ನುವಲ್ಲಿ 'ದೊಡ್ಡ' ಕ್ರಿಯಾಪದದ ಒಳಗೆ ಸೇರಿಹೋಗಿದೆ.

ಹೀಗೆ ನಿಮ್ಮ ನಿಜವಾದ ಪ್ರಶ್ನೆಗೆ ಬಂದೆವು. ಗುಣವಾಚಕ ಅಂದರೆ ನೀವು ಯಾವುದನ್ನು ಎಣಿಸುತ್ತೀರಿ? ಇದನ್ನು ಟೂಲ್ ಹೇಳುವುದಿಲ್ಲ, ನೀವು ಹೇಳಬೇಕು.

'ದೊಡ್ಡ ಮನೆ', 'ಹೊಸ ಪುಸ್ತಕ' ಇವುಗಳಲ್ಲಿ ಗೊಂದಲ ಇಲ್ಲ. ಹೈದರಾಬಾದ್ ಐಐಐಟಿಯ ಟ್ಯಾಗ್ ಪಟ್ಟಿಯಲ್ಲಿ ಇವು ಜೆಜೆ, ಅಂದರೆ ಗುಣವಾಚಕ. ನಿಮ್ಮ ಟೂಲ್ ಬಳಸುತ್ತಿರುವುದೂ ಅದೇ ಪಟ್ಟಿ ಅಂತ ಕ್ಯೂಸಿ, ವಿಎಮ್ (ಕ್ರಿಯಾಪದ) ನೋಡಿದರೆ ಗೊತ್ತಾಗುತ್ತದೆ. (ಆ ಪಟ್ಟಿಯಲ್ಲಿ ನನಗೆ ಅಚ್ಚುಮೆಚ್ಚಿನದೊಂದಿದೆ. 'ಪುಸ್ತಕ ಗಿಸ್ತಕ' ಅನ್ನುವಲ್ಲಿ 'ಗಿಸ್ತಕ'ಕ್ಕೆ ಅಂತಲೇ ಒಂದು ಟ್ಯಾಗ್ ಇದೆ, ಇಸಿಎಚ್. ಯುಡಿಪೈಪ್ ಬಳಸುವ 17 ಟ್ಯಾಗ್‌ಗಳ ಪಟ್ಟಿಯಲ್ಲಿ ಅಂಥದ್ದು ಇಲ್ಲ. ನಮ್ಮ ಭಾಷೆಗಳನ್ನು ನೋಡಿ ಮಾಡಿದ ಪಟ್ಟಿ ಅನ್ನುವುದು ಇದರಲ್ಲೇ ಕಾಣುತ್ತದೆ.) 'ಓದಿದ ಪುಸ್ತಕ' ಅನ್ನುವಲ್ಲಿ 'ಓದಿದ' ಪುಸ್ತಕವನ್ನು ವಿವರಿಸಿದರೂ ಅದು ಕ್ರಿಯಾಪದದ ರೂಪ, ವಿಎಮ್. 'ಆ ಮನೆ ದೊಡ್ಡದು' ಅನ್ನುವಲ್ಲಿ 'ದೊಡ್ಡದು' ನಾಮಪದದ ಹಾಗೆ ವಿಭಕ್ತಿ ತೆಗೆದುಕೊಳ್ಳುತ್ತದೆ: ದೊಡ್ಡದನ್ನು, ದೊಡ್ಡದಕ್ಕೆ. 'ಹೆದ್ದಾರಿ'ಯಲ್ಲಿ 'ಹಿರಿದು' ಅಡಗಿದೆ, ಆದರೆ ಅದನ್ನು ಯಾರೂ ಗುಣವಾಚಕ ಅಂತ ಎಣಿಸುವುದಿಲ್ಲ.

'ಸುಂದರವಾದ' ನಿಂತಿರುವುದು ಇವುಗಳ ಗಡಿಯಲ್ಲಿ. 'ಸುಂದರ' ಮತ್ತು 'ಆದ'. 'ಆದ' ಬಂದದ್ದು 'ಆಗು' ಧಾತುವಿನಿಂದ. ರೂಪ ನೋಡಿದರೆ 'ಓದಿದ' ತರಹ, ಕೆಲಸ ನೋಡಿದರೆ 'ದೊಡ್ಡ' ತರಹ. ಟ್ಯಾಗ್ ಹಾಕಿದ ಮನುಷ್ಯರಿಗೂ ಇಲ್ಲಿ ಕೈ ನಡುಗುತ್ತದೆ. ತರಬೇತಿ ಪಠ್ಯದಲ್ಲೇ ಎರಡೂ ಬಂದಿದ್ದರೆ ಟ್ಯಾಗರ್ ಎರಡನ್ನೂ ಕೊಡುತ್ತದೆ. ಅದರ ಮೇಲೆ ಬಾಲದ ಊಹೆಯ ಗೊಂದಲ ಬೇರೆ. 'ಸಮಾಜವಾದ', 'ಮಾನವತಾವಾದ' ಕೂಡ 'ವಾದ' ಅಂತಲೇ ಮುಗಿಯುತ್ತವೆ, ಅವು ಅಪ್ಪಟ ನಾಮಪದ.

ನಿಮ್ಮ ಕೆಲಸಕ್ಕೆ 'ಸುಂದರವಾದ', 'ಎತ್ತರವಾದ' ಇಂಥವನ್ನು ಗುಣವಾಚಕ ಅಂತ ಎಣಿಸುವುದೇ ಸರಿ ಅಂತ ನನ್ನ ಅಭಿಪ್ರಾಯ. ನೀವು ನೋಡಬೇಕಿರುವುದು ಬರೆಯುವವರು ವಸ್ತುಗಳನ್ನು ಹೇಗೆ ಬಣ್ಣಿಸುತ್ತಾರೆ ಅನ್ನುವುದನ್ನು. ಅವರು 'ಚೆಂದದ' ಅಂತ ಬರೆದರೂ 'ಸುಂದರವಾದ' ಅಂತ ಬರೆದರೂ ಮಾಡಿದ ಕೆಲಸ ಒಂದೇ.

ಹೀಗೆ ಮಾಡಿ. ಮುನ್ನೂರು ಫೈಲ್‌ಗಳ ಫಲಿತಾಂಶದಿಂದ ಪದದ ಕಾಲಂ ಮಾತ್ರ 'ಕಟ್' ಮಾಡಿ ತೆಗೆಯಿರಿ. 'ಗ್ರೆಪ್'ಗೆ 'ವಾದ' ಕೊಟ್ಟು, ಪಕ್ಕದಲ್ಲಿ ಡಾಲರ್ ಚಿಹ್ನೆ ಹಾಕಿ. ಆಗ ಹಾಗೆ ಮುಗಿಯುವ ಪದಗಳು ಮಾತ್ರ ಬರುತ್ತವೆ. 'ದೊಡ್ಡದಾದ', 'ಹಳೆಯದಾದ' ಇಂಥವು ಅದರಲ್ಲಿ ಸಿಗುವುದಿಲ್ಲ, ಅದಕ್ಕೆ 'ದಾದ' ಅಂತ ಇನ್ನೊಂದು ಸಲ ಹುಡುಕಿ. ಸಾರ್ಟ್ ಮಾಡಿ, ಎಣಿಸಿ, ಜಾಸ್ತಿ ಬಂದದ್ದು ಮೇಲೆ ಬರುವ ಹಾಗೆ ಇಡಿ. ಬರುವ ಪಟ್ಟಿ ಕೂತು ಓದಿ ಮುಗಿಸಬಹುದಾದಷ್ಟೇ ಇರುತ್ತದೆ, ಯಾಕೆಂದರೆ ಒಂದೇ ಪದ ಮತ್ತೆ ಮತ್ತೆ ಬಂದಿರುತ್ತದೆ. ಒಂದೊಂದರ ಮುಂದೆಯೂ ನಿಮ್ಮ ತೀರ್ಮಾನ ಬರೆಯಿರಿ: ಗುಣವಾಚಕ ಅಥವಾ ಅಲ್ಲ. 'ಆರಂಭವಾದ' ಇಂಥವು ನಿಜವಾಗಿಯೂ ಕ್ರಿಯೆಯನ್ನೇ ಹೇಳುತ್ತವೆ, ಅವನ್ನು ಬಿಡಿ. ಆ ಪಟ್ಟಿಯನ್ನು ಒಂದು ಫೈಲ್‌ನಲ್ಲಿ ಉಳಿಸಿ, 'ಆಕ್' ಬಳಸಿ ಟ್ಯಾಗರ್‌ನ ಉತ್ತರದ ಮೇಲೆ ಹಾಯಿಸಿ. ಪದ ಪಟ್ಟಿಯಲ್ಲಿದ್ದರೆ ನಿಮ್ಮ ಟ್ಯಾಗ್, ಇಲ್ಲದಿದ್ದರೆ ಅದರದ್ದೇ. 'ಏಳು' ಮೊಂಡು ಹಿಡಿದರೆ ಅದಕ್ಕೂ ಇದೇ ಉಪಾಯ ಮಾಡಿ: ಮುಂದಿನ ಸಾಲಿನಲ್ಲಿ ಚುಕ್ಕಿ ಇರುವ 'ಏಳು'ಗಳನ್ನು ಮಾತ್ರ ಬೇರೆ ತೆಗೆದು ಕಣ್ಣಿಂದ ನೋಡಿ. 'ಒಟ್ಟು ಏಳು.' ಅಂತಲೂ ವಾಕ್ಯ ಮುಗಿಯಬಹುದು, ಹಾಗಾಗಿ ಅಲ್ಲಿ ಕುರುಡಾಗಿ ಬದಲಿಸಬೇಡಿ.

ತಿದ್ದಿದ ಮೇಲೆ ನಿಮ್ಮ ನೂರು ವಾಕ್ಯಗಳ ಜೊತೆ ಇನ್ನೊಮ್ಮೆ ಹೋಲಿಸಿ, ಈ ಸಲ ಜೆಜೆ ಸಾಲುಗಳನ್ನು ಮಾತ್ರ. ನೀವು ಗುಣವಾಚಕ ಅಂದದ್ದರಲ್ಲಿ ಟ್ಯಾಗರ್ ಎಷ್ಟು ಹಿಡಿಯಿತು, ಟ್ಯಾಗರ್ ಗುಣವಾಚಕ ಅಂದದ್ದರಲ್ಲಿ ಎಷ್ಟು ನಿಜ, ಈ ಎರಡೂ ಅಂಕಿ ಬೇಕು. ಲೇಖನಗಳ ಎಣಿಕೆಯನ್ನು ಎಲ್ಲಾದರೂ ಬರೆಯುವಾಗ ಈ ಎರಡು ಅಂಕಿಗಳನ್ನೂ, ಯಾವುದನ್ನು ಗುಣವಾಚಕ ಅಂತ ಹಿಡಿದಿರಿ ಅನ್ನುವುದನ್ನೂ ಅದರ ಪಕ್ಕದಲ್ಲೇ ಬರೆಯಿರಿ. 'ವಾದ' ಪಟ್ಟಿ ಮಾಡುವಾಗ ಯಾವುದಾದರೂ ಪದದ ಮುಂದೆ ಪೆನ್ನು ನಿಂತರೆ, ಆ ವಾಕ್ಯದ ಸಮೇತ ನನಗೆ ಕಳಿಸಿ.